ರುಸ್ತಾಕ್‌ನ ಇಳಿಜಾರಿನಲ್ಲಿ ನಾಲ್ಕು ಚಕ್ರದ ಹಲಗೆ

ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ನನ್ನಂಥ ವೈದ್ಯನಿಗೆ ಸಾಮಾನ್ಯವಾಗಿ ದೊರೆಯುವುದು ಸಕ್ಕರೆ, ರಕ್ತದೊತ್ತಡ, ಮಂಡಿನೋವುಗಳ ಸಮಾಚಾರ. ಇತ್ತೀಚೆಗೆ ಅವುಗಳ ನಡುವೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ದುಬೈಯಲ್ಲಿರುವ ತಮ್ಮನ ಮಗ, ಬೆಂಗಳೂರಿನ ಸೋದರಳಿಯ, ಮುಂದಿನ ವರ್ಷ ಕೊಲ್ಲಿಗೆ ಬರಲು ಸಿದ್ಧತೆ ನಡೆಸಿರುವ ಸ್ನೇಹಿತನ ಮಗಳು, ಎಲ್ಲರಿಗೂ ಲಾಂಗ್‌ಬೋರ್ಡ್ ಬೇಕು. "ಭಾವ, ಅದು ಎಷ್ಟಾಗುತ್ತದೆ? ಅಪಾಯವೇನೂ ಇಲ್ಲವಲ್ಲ?" ಎಂದು ಹಿರಿಯರು ಕೇಳುತ್ತಾರೆ. ಉತ್ತರಿಸುವ ಮೊದಲು ನಾನು ಮರುಪ್ರಶ್ನೆ ಹಾಕುತ್ತೇನೆ: ಹುಡುಗನ ತೂಕವೆಷ್ಟು? ಅವನು ಓಡಿಸಲಿರುವ ರಸ್ತೆ ಎಂಥದು? ಇವೆರಡು ತಿಳಿಯದೆ ಹಲಗೆಯನ್ನು ಆರಿಸುವುದು, ರೋಗಿಯನ್ನು ನೋಡದೆ ಔಷಧ ಬರೆಯುವುದಕ್ಕೆ ಸಮಾನ.

ನಾನಿರುವ ರುಸ್ತಾಕ್ ಪಟ್ಟಣ ಒಮಾನಿನ ದಕ್ಷಿಣ ಬಾತಿನಾ ಪ್ರಾಂತ್ಯದ ಆಡಳಿತ ಕೇಂದ್ರ. ಮಸ್ಕತ್‌ನಿಂದ ಸುಮಾರು 150 ಕಿ.ಮೀ. ದೂರದಲ್ಲಿ, ಹಜರ್ ಪರ್ವತಶ್ರೇಣಿಯ ಬುಡದಲ್ಲಿದೆ. 1624ರಲ್ಲಿ ಯಅರಿಬ ವಂಶದ ನಾಸಿರ್ ಬಿನ್ ಮುರ್ಷಿದ್ ಇಮಾಮರಾಗಿ ಆಯ್ಕೆಯಾದಾಗ ಇದೇ ರಾಜಧಾನಿಯಾಗಿತ್ತು. ಆ ವೈಭವದ ಕುರುಹಾಗಿ ಇಂದಿಗೂ ಭವ್ಯವಾದ ಕೋಟೆ ನಿಂತಿದೆ; ಅಲ್ ಕಸ್ಫಾ ಎಂಬ ಬಿಸಿನೀರಿನ ಬುಗ್ಗೆಯಿದೆ; ಖರ್ಜೂರದ ತೋಟಗಳಿವೆ. ಮಾಲ್ ಸಂಸ್ಕೃತಿಗೆ ಒಗ್ಗಿಹೋದ ಮಕ್ಕಳಿಗೆ ಮಾತ್ರ ಇದು ಮೊದಲ ತಿಂಗಳಲ್ಲೇ ಬೇಸರ ತರಿಸುವ ಊರು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹಗಲಿನಲ್ಲಿ ಹೊರಗೆ ಕಾಲಿಡಲಾಗದು. ನವೆಂಬರ್ ಬಂತೆಂದರೆ ಸಂಜೆಗಳು ನಮ್ಮ ಕರಾವಳಿಯ ಡಿಸೆಂಬರ್‌ಗಿಂತ ಹಿತವಾಗಿರುತ್ತವೆ. ಆಗ ಒಮಾನಿ ಹುಡುಗರು ಜಲ್ಲಿನೆಲದ ಮೈದಾನದಲ್ಲಿ ಕಾಲ್ಚೆಂಡಾಡುತ್ತಾರೆ, ನಮ್ಮವರು ಟೆನಿಸ್ ಚೆಂಡಿನ ಕ್ರಿಕೆಟ್ ಆಡುತ್ತಾರೆ. ಇವೆರಡರಲ್ಲೂ ಮನಸ್ಸಿಲ್ಲದ ಕೆಲವರು ವಸತಿ ಪ್ರದೇಶದ ಒಳರಸ್ತೆಗಳಲ್ಲಿ ಚಕ್ರದ ಹಲಗೆಯ ಮೇಲೆ ತೇಲುತ್ತಾರೆ. ನನ್ನ 17 ವರ್ಷದ ಮಗ ಈ ಮೂರನೆಯ ಪಂಗಡಕ್ಕೆ ಸೇರಿದವನು.

ಕಳೆದ ಚಳಿಗಾಲದ ಒಂದು ಶುಕ್ರವಾರ ಇಲ್ಲೊಂದು ಅವಘಡ ನಡೆಯಿತು. ಉಡುಪಿ ಕಡೆಯ ಶುಶ್ರೂಷಕಿಯೊಬ್ಬರ 12 ವರ್ಷದ ಮಗ, ಮಸ್ಕತ್‌ನಿಂದ ಬಂದಿದ್ದ ತನ್ನ ಸೋದರಮಾವನ ಲಾಂಗ್‌ಬೋರ್ಡ್ ಏರಿದ. ಮಾವ 85 ಕಿಲೋ ತೂಗುವ ಆಳು, ಹುಡುಗ 38 ಕಿಲೋ. ಬೀದಿಯ ಇಳಿಜಾರು ಅಂಥ ಕಡಿದಾದದ್ದೇನಲ್ಲ. ಆದರೆ ತಿರುವಿನಲ್ಲಿ ಹುಡುಗ ಎಷ್ಟು ವಾಲಿದರೂ ಹಲಗೆ ತಿರುಗಲಿಲ್ಲ. ನೇರವಾಗಿ ಅಂಚಿನ ಜಲ್ಲಿಗೆ ನುಗ್ಗಿತು. ಮುಂದಿನ ಚಕ್ರಗಳು ಹೂತು ನಿಂತವು, ಹುಡುಗ ನಿಲ್ಲಲಿಲ್ಲ. ಮುಂಗೈಯ ಮೂಳೆ ಮಣಿಕಟ್ಟಿನ ಬಳಿ ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಆ ತಾಯಿ, "ಡಾಕ್ಟ್ರೇ, ಆ ಹಲಗೆಯನ್ನು ಇವತ್ತೇ ಕಸದ ತೊಟ್ಟಿಗೆ ಎಸೆಯುತ್ತೇನೆ" ಎಂದರು. "ಎಸೆಯಿರಿ ಸಿಸ್ಟರ್, ಅದಕ್ಕೆ ಮೊದಲು ಒಮ್ಮೆ ನಮಗೆ ತೋರಿಸಿ" ಎಂದೆ. ಆ ಸಂಜೆ ನಾನೂ ಮಗನೂ ಹಲಗೆಯನ್ನು ಮಗುಚಿ ಹಾಕಿ ಪರೀಕ್ಷಿಸಿದೆವು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅದು 85 ಕಿಲೋ ತೂಕದವನಿಗಾಗಿ ಸಜ್ಜುಗೊಂಡಿದ್ದ ಹಲಗೆ, ಅಷ್ಟೆ.

ಇದನ್ನು ವಿವರಿಸಲು ಹಲಗೆಯ ಅಂಗರಚನೆಯಿಂದಲೇ ಆರಂಭಿಸಬೇಕು. ಸಾಮಾನ್ಯ ಸ್ಕೇಟ್‌ಬೋರ್ಡಿನ ಉದ್ದ ಸುಮಾರು 80 ಸೆಂ.ಮೀ.; ಅದು ನೆಗೆತಕ್ಕೆ, ಚಮತ್ಕಾರಗಳಿಗೆ ಮಾಡಿದ್ದು. ಲಾಂಗ್‌ಬೋರ್ಡ್ ಬಹುತೇಕ 90ರಿಂದ 120 ಸೆಂ.ಮೀ. ಇರುತ್ತದೆ; ದೂರ ಸಾಗಲು, ಇಳಿಜಾರಿನಲ್ಲಿ ತೇಲುತ್ತ ಬಳುಕಲು ಹೇಳಿಸಿದ್ದು. ಎರಡರ ಮೂಲವೂ ಕಡಲೇ. 1950ರ ದಶಕದಲ್ಲಿ ಹವಾಯಿ, ಕ್ಯಾಲಿಫೋರ್ನಿಯಾಗಳ ಸರ್ಫಿಂಗ್ ಪ್ರಿಯರು ಅಲೆಯಿಲ್ಲದ ದಿನಗಳಲ್ಲಿ ನೆಲದ ಮೇಲೆಯೇ ಅಲೆ ಏರುವ ಆಸೆಯಿಂದ ಹಲಗೆಗೆ ಚಕ್ರ ಹಚ್ಚಿದರು. ನಮ್ಮ ಮುಲ್ಕಿಯ ಮಂತ್ರ ಸರ್ಫ್ ಕ್ಲಬ್ಬನ್ನೋ ಸಸಿಹಿತ್ಲು ಕಡಲತೀರದ ಸರ್ಫಿಂಗ್ ಸ್ಪರ್ಧೆಗಳನ್ನೋ ಕಂಡವರಿಗೆ ಆ ನಿಲುವು ಪರಿಚಿತ: ಒಂದು ಕಾಲು ಮುಂದೆ, ಮಂಡಿ ಸ್ವಲ್ಪ ಬಾಗಿ, ದೇಹ ಪಕ್ಕಕ್ಕೆ.

ನನ್ನ ತಲೆಮಾರಿನವರಿಗೆ ಇನ್ನೂ ಹತ್ತಿರದ ನೆಂಟನೊಬ್ಬನಿದ್ದಾನೆ: ಬೇರಿಂಗ್ ಗಾಡಿ. ಗ್ಯಾರೇಜಿನಿಂದ ಕಾಡಿ ಬೇಡಿ ತಂದ ಹಳೆಯ ಬೇರಿಂಗುಗಳನ್ನು ಮರದ ಹಲಗೆಗೆ ಬಡಿದು, ಮುಂದಿನ ಅಡ್ಡಪಟ್ಟಿಯನ್ನು ಕಾಲಿನಿಂದ ತಿರುಗಿಸುತ್ತ ಊರಿನ ದಿಬ್ಬದಿಂದ ಗರಗರ ಸದ್ದಿನೊಡನೆ ಇಳಿಯುತ್ತಿದ್ದೆವು. ಉಕ್ಕಿನ ಚಕ್ರಕ್ಕೆ ರಸ್ತೆಯ ಮೇಲೆ ಹಿಡಿತವೇ ಇರಲಿಲ್ಲ. ಪ್ರತಿಯೊಂದು ಕಲ್ಲೂ ನೇರವಾಗಿ ಬೆನ್ನುಮೂಳೆಗೆ ವರದಿ ಒಪ್ಪಿಸುತ್ತಿತ್ತು. ಮೊದಲ ಸ್ಕೇಟ್‌ಬೋರ್ಡುಗಳ ಲೋಹದ, ಜೇಡಿಮಣ್ಣಿನ ಚಕ್ರಗಳದ್ದೂ ಇದೇ ಕಥೆ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬ ಅಮೆರಿಕದ ಯುವಕ ಪಾಲಿಯೂರಿಥೇನ್ ಚಕ್ರಗಳನ್ನು ಮಾರುಕಟ್ಟೆಗೆ ತಂದ ಮೇಲೆಯೇ ಈ ಆಟ ರಸ್ತೆಗೆ ಯೋಗ್ಯವಾದದ್ದು.

ಈಗ ಹಲಗೆಯು ತಿರುಗುವ ಬಗೆ. ನಮ್ಮ ದೇವಸ್ಥಾನದ ತೇರಿನ ಅಚ್ಚು ತಿರುಗುವುದಿಲ್ಲ. ಆದ್ದರಿಂದಲೇ ಚಕ್ರದಡಿಗೆ ಮರದ ತುಂಡು ಕೊಟ್ಟು ದಿಕ್ಕು ಬದಲಿಸಬೇಕಾಗುತ್ತದೆ. ಲಾಂಗ್‌ಬೋರ್ಡಿನಲ್ಲಿ ಮುಂದೊಂದು ಹಿಂದೊಂದು ಲೋಹದ ಜೋಡಣೆಯಿದ್ದು, ಅದಕ್ಕೆ ಟ್ರಕ್ ಎನ್ನುತ್ತಾರೆ. ಅಚ್ಚು ಈ ಟ್ರಕ್ಕಿನೊಳಗೆ ಓರೆಯಾದ ಒಂದು ಕೀಲಿನ ಸುತ್ತ ಹೊರಳುತ್ತದೆ. ಸವಾರ ಬಲಕ್ಕೆ ವಾಲಿದರೆ ಹಲಗೆ ಬಲಕ್ಕೆ ವಾಲುತ್ತದೆ, ಓರೆ ಕೀಲು ಆ ವಾಲಿಕೆಯನ್ನು ತಿರುವಾಗಿ ಪರಿವರ್ತಿಸುತ್ತದೆ. ಮುಂದಿನ ಅಚ್ಚು ಬಲಕ್ಕೆ, ಹಿಂದಿನದು ಎಡಕ್ಕೆ ಹೊರಳಿ ಇಡೀ ಹಲಗೆ ಬಿಲ್ಲಿನಂತೆ ಬಳಸಿಕೊಂಡು ಹೋಗುತ್ತದೆ.

ಆ ಕೀಲು ಎಷ್ಟು ಡಿಗ್ರಿ ಓರೆಯಾಗಿದೆ ಎಂಬುದರ ಮೇಲೆ ಹಲಗೆಯ ಸ್ವಭಾವ ನಿಂತಿದೆ. ಅಂಗಡಿಯ ಲಾಂಗ್‌ಬೋರ್ಡುಗಳಲ್ಲಿ ಸಾಮಾನ್ಯವಾಗಿ ಕಾಣುವುದು 50 ಡಿಗ್ರಿ. ವೇಗಕ್ಕೆಂದು ಮಾಡಿದವುಗಳಲ್ಲಿ 44 ಅಥವಾ ಅದಕ್ಕಿಂತ ಕಡಿಮೆ. ಸರಳವಾದ ರೇಖಾಗಣಿತದ ಲೆಕ್ಕವನ್ನು ನಾವಿಬ್ಬರೂ ಊಟದ ಮೇಜಿನ ಮೇಲೆ ಹಾಕಿ ನೋಡಿದೆವು. ಎರಡು ಅಚ್ಚುಗಳ ನಡುವಣ ಅಂತರ, ಅಂದರೆ ವೀಲ್‌ಬೇಸ್, 70 ಸೆಂ.ಮೀ. ಇದ್ದು ಹಲಗೆ 15 ಡಿಗ್ರಿ ವಾಲಿದಾಗ, 50 ಡಿಗ್ರಿಯ ಟ್ರಕ್ಕುಗಳಿದ್ದರೆ ಸುಮಾರು 1.1 ಮೀಟರ್ ತ್ರಿಜ್ಯದ ತಿರುವು ಸಿಗುತ್ತದೆ. ಅದೇ ವಾಲಿಕೆಗೆ 44 ಡಿಗ್ರಿಯ ಟ್ರಕ್ಕಿನಲ್ಲಿ 1.4 ಮೀಟರ್. 50 ಡಿಗ್ರಿಯನ್ನೇ ಉಳಿಸಿಕೊಂಡು ವೀಲ್‌ಬೇಸನ್ನು 80 ಸೆಂ.ಮೀ.ಗೆ ಹೆಚ್ಚಿಸಿದರೆ 1.3 ಮೀಟರ್. ಚುರುಕಾಗಿ ತಿರುಗುವ ಹಲಗೆ ಬೇಕೆಂದರೆ ಚಿಕ್ಕ ವೀಲ್‌ಬೇಸ್, ಹೆಚ್ಚಿನ ಓರೆ. ವೇಗದಲ್ಲಿ ಅಲುಗದ ಹಲಗೆ ಬೇಕೆಂದರೆ ಉದ್ದದ ವೀಲ್‌ಬೇಸ್, ಕಡಿಮೆ ಓರೆ. ಎರಡೂ ಪೂರ್ಣವಾಗಿ ಇರುವ ಹಲಗೆಯನ್ನು ಯಾರೂ ಮಾಡಿಲ್ಲ, ಜಾಹೀರಾತು ಏನೇ ಹೇಳಲಿ.

ಈ ಲೆಕ್ಕದಲ್ಲಿ ಹಲಗೆ 15 ಡಿಗ್ರಿ ವಾಲಿತೆಂದು ನಾವು ಭಾವಿಸಿಕೊಂಡೆವು. ನಿಜವಾಗಿ ಅದನ್ನು ವಾಲಲು ಬಿಡುವುದು ಅಥವಾ ಬಿಡದಿರುವುದು ಟ್ರಕ್ಕಿನೊಳಗಿನ ಬುಷ್. ನಮ್ಮೂರಿನ ಮೆಕ್ಯಾನಿಕ್ಕುಗಳು "ಬುಷ್ ಹೋಗಿದೆ ಸಾರ್" ಎನ್ನುವ ಅದೇ ಜಾತಿಯ ಮೃದು ಉಂಗುರ, ಇಲ್ಲಿ ಪಾಲಿಯೂರಿಥೇನಿನದು. ವಾಲಿದಾಗ ಒಂದು ಬದಿ ಅಮುಕಿಕೊಂಡು, ಬಿಟ್ಟಾಗ ಹಲಗೆಯನ್ನು ಮರಳಿ ನೇರಕ್ಕೆ ತರುತ್ತದೆ. ಗಡಸುತನವನ್ನು 78ಎ, 90ಎ ಎಂಬಂತೆ ಅಳೆಯುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಗಟ್ಟಿ. 50 ಕಿಲೋದ ಆಸುಪಾಸಿನವರಿಗೆ 80ಎ ಸುತ್ತಮುತ್ತ, 80 ಕಿಲೋ ತೂಗುವವರಿಗೆ 90ಎ ಹತ್ತಿರ ಎಂಬುದು ಬಳಕೆದಾರರಲ್ಲಿ ರೂಢಿಯಲ್ಲಿರುವ ಅಂದಾಜು. ಮಾವನ ಹಲಗೆಯಲ್ಲಿದ್ದದ್ದು 93ಎ, ಅದರ ಮೇಲೆ ನಟ್ಟನ್ನೂ ಬಿಗಿಯಾಗಿ ತಿರುಚಲಾಗಿತ್ತು. 38 ಕಿಲೋದ ಹುಡುಗನಿಗೆ ಅದು ಉಕ್ಕಿನ ಉಂಗುರವಿದ್ದಂತೆ. ಅವನು ವಾಲಿದ್ದು ಹೌದು. ಹಲಗೆಗೆ ಅದು ತಿಳಿಯಲೇ ಇಲ್ಲ.

ಸಿಸ್ಟರ್‌ಗೆ ಇದನ್ನು ಹೇಳಿದಾಗ, "ಹಾಗಾದರೆ ಮೃದುವಾದದ್ದನ್ನೇ ಹಾಕಿಸಿದರಾಯಿತಲ್ಲ?" ಎಂದು ಕೇಳಿದರು. ಸಮಂಜಸವಾದ ಪ್ರಶ್ನೆ. ಆದರೆ ಅತಿ ಮೃದುವಿನಲ್ಲಿ ಇನ್ನೊಂದು ವಿಪತ್ತು ಕಾದಿರುತ್ತದೆ. ವೇಗ ಏರಿದಂತೆ ಹಲಗೆ ಎಡಬಲಕ್ಕೆ ಕ್ಷಿಪ್ರವಾಗಿ ನಡುಗತೊಡಗುತ್ತದೆ. ಒಂದೆರಡು ಕ್ಷಣಗಳಲ್ಲಿ ಸವಾರ ನೆಲದ ಮೇಲಿರುತ್ತಾನೆ. ಹಲಗೆಯ ಪಾರ್ಶ್ವ ಚಲನೆಯನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಂಟ್ ಹಬ್ಬರ್ಡ್ 1979ರಲ್ಲೇ ಗಣಿತದಲ್ಲಿ ವಿಶ್ಲೇಷಿಸಿದ್ದರು. 2016ರಲ್ಲಿ ಬುಡಾಪೆಸ್ಟ್ ಮತ್ತು ಬ್ರಿಸ್ಟಲ್‌ನ ಸಂಶೋಧಕರು ಅದಕ್ಕೆ ಮನುಷ್ಯನ ಪ್ರತಿಕ್ರಿಯೆಯ ವಿಳಂಬವನ್ನೂ ಸೇರಿಸಿ ನೋಡಿದರು. ವೈದ್ಯನಾದ ನನಗೆ ಅದೇ ಹೆಚ್ಚು ರುಚಿಸಿದ ಭಾಗ. ಪಾದದಿಂದ ಸುದ್ದಿ ನರಮಂಡಲಕ್ಕೆ ಮುಟ್ಟಿ, ಸ್ನಾಯುವಿಗೆ ಆಜ್ಞೆ ಮರಳುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಕಳೆದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಹಲಗೆ 1.7 ಮೀಟರ್ ಮುಂದೆ ಸಾಗಿರುತ್ತದೆ. ಎಡಕ್ಕೆ ಸರಿಪಡಿಸಲು ಹೊರಟ ಆಜ್ಞೆ, ಹಲಗೆ ಆಗಲೇ ಎಡಕ್ಕೆ ವಾಲಿರುವಾಗ ತಲುಪುತ್ತದೆ; ನಡುಕ ತಗ್ಗುವ ಬದಲು ಬೆಳೆಯುತ್ತದೆ. ಹಲಗೆಯ ನಡುವಿಗಿಂತ ತುಸು ಮುಂದೆ ನಿಲ್ಲುವುದು ಅನುಕೂಲಕರವೆಂದೂ ಅದೇ ಅಧ್ಯಯನ ತೋರಿಸಿತು. ಅನುಭವಿ ಸವಾರರು ಮುಂಗಾಲಿನ ಮೇಲೆ ಭಾರ ಹಾಕುವುದು, ಹಿಂದಿನ ಟ್ರಕ್ಕಿಗೆ ಕಡಿಮೆ ಓರೆಯನ್ನೂ ತುಸು ಗಟ್ಟಿಯಾದ ಬುಷ್ಷನ್ನೂ ಕೊಡುವುದು ಇದಕ್ಕೆ ಒಪ್ಪುವ ಪದ್ಧತಿ. ಹೊಸಬರು ಹೆದರಿದಾಗ ಸಹಜವಾಗಿ ಹಿಂದಕ್ಕೆ ವಾಲುತ್ತಾರೆ. ಅಪಾಯ ಬೆಳೆಯುವುದೂ ಅಲ್ಲಿಯೇ.

ಹಲಗೆಯ ಎತ್ತರದ ವಿಚಾರವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಟ್ರಕ್ಕನ್ನು ಹಲಗೆಯ ಅಡಿಗೆ ಬಿಗಿದರೆ ಸವಾರ ಎತ್ತರದಲ್ಲಿರುತ್ತಾನೆ; ಹಲಗೆಯಲ್ಲಿ ಕಂಡಿ ಕೊರೆದು ಟ್ರಕ್ಕನ್ನು ಅದರೊಳಗಿಂದ ತೂರಿಸಿದರೆ ಒಂದೆರಡು ಸೆಂಟಿಮೀಟರ್ ಕೆಳಗಿಳಿಯುತ್ತಾನೆ. ಒಂದೆರಡು ಸೆಂಟಿಮೀಟರಿನಿಂದ ಏನಾದೀತು ಎನ್ನಬೇಡಿ. ನೆಲವನ್ನು ಒಂದು ಕಾಲಿನಿಂದ ತಳ್ಳುವಾಗಲೆಲ್ಲ ಹಲಗೆಯ ಮೇಲಿನ ಕಾಲು ಬಸ್ಕಿ ಹೊಡೆಯಬೇಕು. ಹಲಗೆ ಎತ್ತರವಾದಷ್ಟೂ ಬಸ್ಕಿ ಆಳ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಇಂಥವು ನೂರಾರು. ಆ ಮಂಡಿ ನನ್ನ ವಯಸ್ಸಿನದಾಗಿದ್ದರೆ ರಾತ್ರಿಯೇ ದೂರು ಸಲ್ಲಿಸುತ್ತದೆ. ಕಾಲನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವುದೂ ತಗ್ಗಿನ ಹಲಗೆಯಲ್ಲಿ ಸುಲಭ. ಇದು ಸಣ್ಣ ಮಾತಲ್ಲ, ಏಕೆಂದರೆ ಈ ವಾಹನಕ್ಕೆ ಬೇರೆ ಬ್ರೇಕೇ ಇಲ್ಲ. ಎತ್ತರದ ಹಲಗೆಗೂ ಅದರದೇ ಗುಣವಿದೆ: ಟ್ರಕ್ಕಿನ ಮೇಲೆ ಕಾಲಿಗೆ ಹೆಚ್ಚು ಸನ್ನೆಬಲ ಸಿಕ್ಕಿ ತಿರುವು ಚುರುಕಾಗುತ್ತದೆ, ತಿರುವಿನಲ್ಲಿ ಚಕ್ರಗಳ ಹಿಡಿತವೂ ಚೆನ್ನ. ಆದರೆ ಚಕ್ರ ದೊಡ್ಡದಿದ್ದರೆ, ಆಳವಾಗಿ ವಾಲಿದಾಗ ಅದು ಹಲಗೆಯ ಅಡಿಗೆ ತಾಗಿ ತಟ್ಟನೆ ನಿಲ್ಲುವ ಭಯವಿದೆ. ಕೊಳ್ಳುವಾಗ ಹಲಗೆಯ ಮೇಲೆ ನಿಂತು ಎರಡೂ ಬದಿಗೆ ಪೂರ್ಣವಾಗಿ ವಾಲಿ ಪರೀಕ್ಷಿಸಿಕೊಳ್ಳಬೇಕು.

ಬಳುಕುವ ಹಲಗೆ ಚೆನ್ನೋ ಬಿಗಿಯಾದದ್ದು ಚೆನ್ನೋ? ಬಿದಿರು ಮತ್ತು ಫೈಬರ್‌ಗ್ಲಾಸಿನ ಪದರಗಳ ಹಲಗೆ ಕಾಲಡಿಯಲ್ಲಿ ತೂಗುಸೇತುವೆಯಂತೆ ತೂಗುತ್ತದೆ, ರಸ್ತೆಯ ಕಂಪನವನ್ನು ತಾನೇ ನುಂಗುತ್ತದೆ. ನಿಧಾನದ ವಿಹಾರಕ್ಕೆ ಅದಕ್ಕಿಂತ ಸುಖವಿಲ್ಲ. ವೇಗದಲ್ಲಿ ಅದೇ ಬಳುಕು ತಿರುಚಾಗಿ ಮಾರ್ಪಟ್ಟು ನಡುಕಕ್ಕೆ ಆಹ್ವಾನ ಕೊಡುತ್ತದೆ; ಅಲ್ಲಿ ಮೇಪಲ್ ಮರದ ಪದರಗಳನ್ನು ಒತ್ತಿ ಮಾಡಿದ ಬಿಗಿ ಹಲಗೆಯೇ ಸರಿ. ಬಳುಕೂ ತೂಕಕ್ಕೆ ತಕ್ಕಂತಿರಬೇಕು: ತಂದೆಯ ಕಾಲಡಿ ನೆಲ ಮುಟ್ಟುವಷ್ಟು ಬಾಗುವ ಹಲಗೆ ಮಗಳ ಕಾಲಡಿ ಮಿಸುಕದಿರಬಹುದು.

ಚಕ್ರದ ವಿಷಯದಲ್ಲಿ ನಾನು ರುಸ್ತಾಕ್‌ಗೆ ಮರಳಲೇಬೇಕು. ಇಲ್ಲಿಯ ಮುಖ್ಯರಸ್ತೆಗಳ ಡಾಂಬರು ನಯವಾದದ್ದೇ. ಅಲ್ಲಿ ಹಲಗೆ ಓಡಿಸುವ ಮಾತೇ ಇಲ್ಲ. ಒಳರಸ್ತೆಗಳ ಅಂಚಿನಲ್ಲಿ ಜಲ್ಲಿ ಚೆಲ್ಲಿರುತ್ತದೆ. ಗಾಳಿ ಬೀಸಿದ ಮರುದಿನ ತೆಳುವಾದ ಮರಳಿನ ಪದರ. ಮಳೆ ಬಂದರೆ ವಾದಿ ಎಂದು ಕರೆಯುವ ಒಣಹೊಳೆ ಹರಿದು, ರಸ್ತೆ ತಗ್ಗಾಗಿ ಅದನ್ನು ದಾಟುವೆಡೆಯಲ್ಲಿ ಉರುಟುಕಲ್ಲುಗಳನ್ನು ಬಿಟ್ಟುಹೋಗುತ್ತದೆ. ಮನೆಗಳ ಮುಂದೆ ಇಂಟರ್‌ಲಾಕ್ ಕಲ್ಲಿನ ಹಾಸು, ಹೆಜ್ಜೆಗೊಂದು ಹಂಪ್. ಸ್ಕೇಟ್‌ಬೋರ್ಡಿನ 52 ಮಿ.ಮೀ. ವ್ಯಾಸದ, ಸುಮಾರು 99ಎ ಗಡಸಿನ ಚಕ್ರಕ್ಕೆ ಇಂಥ ನೆಲದಲ್ಲಿ ಕಡಲೆಕಾಳಿನಷ್ಟು ಕಲ್ಲು ಸಾಕು, ತಟ್ಟನೆ ಸಿಕ್ಕಿಕೊಳ್ಳುತ್ತದೆ. 70ರಿಂದ 75 ಮಿ.ಮೀ. ವ್ಯಾಸದ, 78ಎ ಆಸುಪಾಸಿನ ಮೃದು ಚಕ್ರ ಅದೇ ಕಲ್ಲನ್ನು ಅರ್ಧ ತನ್ನೊಳಗೆ ಒತ್ತಿಕೊಂಡು, ಅರ್ಧ ಏರಿ ದಾಟುತ್ತದೆ. ಚಕ್ರದ ಅಂಚು ಚೌಕವಾಗಿದ್ದರೆ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ. ದುಂಡಗಿದ್ದರೆ ಬೇಕೆಂದಾಗ ಜಾರಿಸಿ ವೇಗ ತಗ್ಗಿಸಬಹುದು. ಜಾರಿಸುವುದು ಕಲಿತವರ ವಿದ್ಯೆ. ಹೊಸಬರಿಗೆ ಹಿಡಿಯುವ ಚಕ್ರವೇ ಇರಲಿ. ಆದರೆ ಮರಳಿನ ಪದರದ ಮೇಲೆ ಯಾವ ಅಂಚೂ ಹಿಡಿಯದು ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕು.

ಬೇರಿಂಗಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎಲ್ಲ ಹಲಗೆಗಳಲ್ಲೂ 608 ಎಂಬ ಒಂದೇ ಅಳತೆಯದು: ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಹೆಚ್ಚು ಹಣ ತೆರುವುದಕ್ಕಿಂತ, ಇಲ್ಲಿಯ ಧೂಳಿನಲ್ಲಿ ತಿಂಗಳಿಗೊಮ್ಮೆ ಶುಚಿಗೊಳಿಸಿ ಎಣ್ಣೆ ಬಿಡುವುದು ಲಾಭಕರ. ಬೇಸಗೆಯಲ್ಲಿ ಹಲಗೆಯನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಗೆ ಬುಷ್ಷೂ ಚಕ್ರವೂ ಮೃದುವಾಗುತ್ತವೆ, ಪದರಗಳ ಅಂಟು ಸಡಿಲಗೊಳ್ಳುತ್ತದೆ. ಜನವರಿಯಲ್ಲಿ ಸರಿಯಿದ್ದ ಹಲಗೆ ಜೂನ್ ತಿಂಗಳ ರಾತ್ರಿ ಬೇರೆಯೇ ಸ್ವಭಾವ ತೋರಬಹುದು.

ಬೀಳುವ ವಿಚಾರಕ್ಕೆ ಬರೋಣ. ತಾಯಂದಿರಿಗೆ ವೇಗವನ್ನು ನಾನು ಎತ್ತರದ ಭಾಷೆಯಲ್ಲಿ ಹೇಳುತ್ತೇನೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ದೇಹದಲ್ಲಿರುವ ಶಕ್ತಿ, ಸುಮಾರು 1.6 ಮೀಟರ್ ಎತ್ತರದಿಂದ ಬಿದ್ದಾಗಿನಷ್ಟು. 30ಕ್ಕೆ ಅದು 3.5 ಮೀಟರ್, ಅಂದರೆ ಒಂದಂತಸ್ತಿನ ಮನೆಯ ತಾರಸಿ. 40ಕ್ಕೆ 6.3 ಮೀಟರ್. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿ. ರಸ್ತೆಯ ಮೇಲೆ ಉಜ್ಜಿಕೊಂಡು ಸಾಗುವುದರಿಂದ ಬಹುಪಾಲು ಶಕ್ತಿ ಕರಗುತ್ತದೆ ನಿಜ. ಕಾಂಪೌಂಡ್ ಗೋಡೆಯೋ ನಿಂತ ಕಾರೋ ಎದುರಾದರೆ ಆ ರಿಯಾಯಿತಿಯಿಲ್ಲ. ಬೀಳುವಾಗ ಕೈಚಾಚುವುದು ಮನುಷ್ಯ ಸಹಜವಾದ್ದರಿಂದ ಮೊದಲು ಮುರಿಯುವುದು ಮಣಿಕಟ್ಟು. ಹೆಬ್ಬೆರಳಿನ ಬುಡದ ಕುಳಿಯಲ್ಲಿ ನೋವಿದ್ದರೆ, ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಉದಾಸೀನ ಮಾಡಬಾರದು. ಸ್ಕೆಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಹಲವೊಮ್ಮೆ ಹತ್ತು ಹದಿನಾಲ್ಕು ದಿನಗಳ ನಂತರವಷ್ಟೇ ಗೋಚರಿಸುತ್ತದೆ, ಅಲಕ್ಷಿಸಿದರೆ ಕೂಡದೆ ಉಳಿಯಬಹುದು. ಹೆಲ್ಮೆಟ್ ಮತ್ತು ಮಣಿಕಟ್ಟಿನ ಕವಚಗಳಿಲ್ಲದೆ ನನ್ನ ಮಗ ಗೇಟು ದಾಟುವಂತಿಲ್ಲ. ಮಂಡಿಯ ಕವಚದ ಬಗ್ಗೆ ನಮ್ಮಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

ಇಲ್ಲಿಗೆ ಬರಲಿರುವ ಕುಟುಂಬಗಳು ಕೇಳುವ ಇನ್ನೊಂದು ಪ್ರಶ್ನೆ, ಓಡಿಸುವುದೆಲ್ಲಿ ಎಂಬುದು. ಇಷ್ಟು ಮಾತ್ರ ಹೇಳಬಲ್ಲೆ: ಕೊನೆಯಲ್ಲಿ ಸಮತಟ್ಟಾಗುವ, ಕಣ್ಣಿಗೆ ಪೂರ್ಣವಾಗಿ ಕಾಣುವ ಚಿಕ್ಕ ಇಳಿಜಾರು ಆರಿಸಿಕೊಳ್ಳಿ, ಮೊದಲು ಅದನ್ನು ನಡೆದು ನೋಡಿ. ಹೊತ್ತು ಅಸರ್ ನಮಾಜಿನ ನಂತರ, ಮಗ್ರಿಬ್‌ಗೆ ಮುಂಚೆ. ಕತ್ತಲಾದ ಮೇಲೆ ಜಲ್ಲಿ ಕಾಣದು. ಮನೆಬಾಗಿಲಿನಲ್ಲಿ ಕುಳಿತ ಹಿರಿಯರಿಗೆ ಸಲಾಂ ಹೇಳಿ ಆರಂಭಿಸಿದರೆ ಅವರೇ ಕಾವಲುಗಾರರಾಗುತ್ತಾರೆ. ನಮ್ಮ ಬೀದಿಯಲ್ಲಂತೂ ಮಕ್ಕಳಿಗೆ ಖರ್ಜೂರವೂ ಸಿಗುತ್ತದೆ. ಆಕಾಶದಲ್ಲಿ, ಅದರಲ್ಲೂ ಬೆಟ್ಟದ ಮೇಲೆ, ಮೋಡ ಕಂಡರೆ ವಾದಿಯ ತಗ್ಗಿನತ್ತ ಸುಳಿಯಲೇಬಾರದು. ಇಲ್ಲಿ ಮಳೆ ಬೀಳದಿದ್ದರೂ ಪ್ರವಾಹ ಬರುತ್ತದೆ. ಅಂತರ್ಜಾಲದ ಚಿತ್ರಗಳನ್ನು ನೋಡಿ ವಾದಿ ಬನಿ ಅವ್ಫ್‌ನ ಬೆಟ್ಟದ ಹಾದಿಯಲ್ಲಿ ಇಳಿಯುವ ಕನಸು ಕಾಣುವ ಹುಡುಗರಿದ್ದಾರೆ. ಅದು ನಾಲ್ಕೂ ಚಕ್ರಕ್ಕೆ ಎಂಜಿನ್ ಬಲವಿರುವ ಜೀಪುಗಳೇ ಏದುಸಿರು ಬಿಡುವ ಕಲ್ಲುಹಾದಿ.

ಸಿಸ್ಟರ್ ಮಗನ ಪ್ಲಾಸ್ಟರ್ ಬಿಚ್ಚಿ ಈಗ ಬಹಳ ತಿಂಗಳಾಯಿತು. ಮಾವನ ಹಲಗೆ ಮಸ್ಕತ್‌ಗೆ ಮರಳಿದೆ. ಹುಡುಗನಿಗೆ 90 ಸೆಂ.ಮೀ. ಉದ್ದದ, ಟ್ರಕ್ಕನ್ನು ಒಳಗಿಂದ ತೂರಿಸಿದ ತಗ್ಗಿನ ಹಲಗೆಯೊಂದನ್ನು ಕೊಡಿಸಿದ್ದಾರೆ. ಬುಷ್ 78ಎ, ಚಕ್ರ 70 ಮಿ.ಮೀ. ಅವನು ಬೆಳೆದಂತೆ ಬುಷ್ ಬದಲಿಸಬೇಕಾಗುತ್ತದೆ. ಖರ್ಚು ಒಂದು ಹೊತ್ತಿನ ಬಿರಿಯಾನಿಗಿಂತ ಹೆಚ್ಚೇನಿಲ್ಲ. ತಾಯಿ ವಿಧಿಸಿದ ಷರತ್ತು ಒಂದೇ: ಮೊದಲ ತಿಂಗಳು ಸಮತಟ್ಟಿನಲ್ಲಿ ಕಾಲುಜ್ಜಿ ನಿಲ್ಲಿಸುವ ಅಭ್ಯಾಸ ಮಾತ್ರ.

ಊರಿನಿಂದ ಹಲಗೆ ತರುವವರಿಗೆ, ಇಲ್ಲಿಂದ ಉಡುಗೊರೆಯಾಗಿ ಒಯ್ಯುವವರಿಗೆ ಒಂದು ಸೂಚನೆ. ಸಾಧಾರಣ ಲಾಂಗ್‌ಬೋರ್ಡನ್ನು ಚಕ್ರ ಬಿಚ್ಚಿ, ಬಟ್ಟೆಗಳ ನಡುವೆ ಸುತ್ತಿ ವಿಮಾನದ ಚೆಕ್‌ಇನ್ ಸಾಮಾನಿನಲ್ಲಿ ಹಾಕಬಹುದು. ದೊಡ್ಡ ಸೂಟ್‌ಕೇಸಿಗೂ ಉದ್ದ ಮೀರಿದರೆ ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿ. ಬ್ಯಾಟರಿಯ ಎಲೆಕ್ಟ್ರಿಕ್ ಹಲಗೆಯನ್ನು ಮಾತ್ರ ಕೊಳ್ಳುವ ಮುನ್ನ ಯೋಚಿಸಿ. 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ಸಾಮಾನಿನಲ್ಲಿ ಅನುಮತಿಯಿಲ್ಲ, ಅಂಥ ಹಲಗೆಗಳಲ್ಲಿ ಹೆಚ್ಚಿನವು ಆ ಮಿತಿಯನ್ನು ದಾಟಿರುತ್ತವೆ. ಬುಷ್ಷುಗಳನ್ನಾದರೆ ಬೇರೆ ಬೇರೆ ಗಡಸಿನ ಎರಡು ಜೊತೆ ತನ್ನಿ, ಅಂಗಿಯ ಜೇಬಿನಲ್ಲಿ ಹಿಡಿಯುತ್ತವೆ.